ರಾಯಚೂರ ಮುತ್ತಿಗೆಯೂ ಪೋರ್ಚುಗೀಸ್ ಫಿಗೈರೆದೊವೂ

ದೇವದುರ್ಗ, ಮಾನ್ವಿಗಳನ್ನೊಳಗೊಂಡ ಕೃಷ್ಣಾ-ತುಂಗಭದ್ರೆಗಳ ನಡುವಣ ಸೀಮೆಯು ರಾಯಚೂರು ದುರ್ಗವನ್ನು ಹಿಡಿದವರಿಗೇ ವಶವಾಗುತ್ತಿದ್ದಿತು. ಈ ದುರ್ಗವನ್ನು ಕೃಷ್ಣದೇವರಾಯನು ಆದಿಲಶಾಹಿಯಿಂದ ಗೆದ್ದುದು ಸುವಿದಿತವೇ ಆಗಿದೆ. ಆ ಗೆಲವಿನಲ್ಲಿ ಪರದೇಶೀಯನೊಬ್ಬನಿಗೆ ಸಲ್ಲತಕ್ಕ ಪಾಲೆಷ್ಟೆಂಬುದು ಮಾತ್ರ ವಿಚಾರಣೀಯವು.

ಆತನು ಪೋರ್ಚುಗೀಸನಾದ ಕ್ರಿಸ್ತೋವಾನ್ ದ ಫಿಗೈರೆದೊ. ಇವನು ಗೋವೆಯ ಅಧಿಪತಿಯ ಓಲೆಗಳೊಡನೆ ರಾಯನ ಸಭೆಗೆ ಬಂದು ಮನ್ನಣೆ ಪಡೆದನೆಂದೂ, ಇವನು ತಂದ ಆರ್ಗನ್ ವಾದ್ಯಗಳನ್ನು ಕಂಡು ರಾಯನು ಬಹಳ ಸಂತೋಷಪಟ್ಟನೆಂದೂ ಜೊತೆಗಿದ್ದ ಪಾಯೆಸನು ಬರೆದಿರುವನು.

ಮುತ್ತಿಗೆಯ ವೃತ್ತಾಂತವು ನೂನಿಜನಿಂದ ತಿಳಿಯಬರುತ್ತದೆ. ಆದಿಲಖಾನನು ಸೋತು ಹೊಳೆ ದಾಟಿ ಓಡಿದ ಮೇಲೆ ರಾಯನು ಪುನಃ ಕೋಟೆಯ ಕಡೆಗೆ ತಿರುಗಿದನು. ಆಳುಗಳು ಗುದ್ದಲಿ, ಹಾರೆಗಳಿಂದ ಗೋಡೆಯನ್ನು ಒಡೆಯುತ್ತಿದ್ದರು. ಕಿತ್ತು ತಂದ ಕಲ್ಲಿಗೆ ಹೊನ್ನು ಸಲ್ಲುತ್ತಿದ್ದಿತು. ಮೇಲಿನಿಂದ ಬಾಣಗಳೂ ಕಲ್ಲುಗಳೂ ಸುರಿಯುತ್ತಿದ್ದುದರಿಂದ ಸತ್ತವರು ಬಹುಮಂದಿ. ಫಿಗೈರೆದೊವು 20 ಮಂದಿ ಬಂದೂಕುಗಾರರೊಡನೆ ತೆನೆಗಳಲ್ಲಿ ತಲೆಯೆತ್ತಿದವರನ್ನು ಹೊಡೆಯಲು, ಕೆಲಸವು ನಿರ್ಭಯವಾಗಿ ಸಾಗಿತು. ಇಣಿಕಿ ನೋಡಿದ ದುರ್ಗಾಧಿಪತಿಯೂ ಹಣೆಗೆ ಗುಂಡು ತಗುಲಿ ಮಡಿದನು. ಕೋಟೆಯವರು ಶರಣಾದರು.

ಆದರೆ ನೂನಿಜನೂ ಪೋರ್ಚುಗೀಸನೇ, ಅದರಲ್ಲಿಯೂ ಕುದುರೆಯ ವ್ಯಾಪಾರಿ. ಸ್ವದೇಶೀಯನ ಸ್ತುತಿಯಲ್ಲಿ ಅವನ ಕೈ ತುಸು ಉದಾರವಾದುದು ಸಹಜ. ಬಯಲಿನ ಯುದ್ಧವು ಮೊದಲೇ ನಿರ್ಣಯವಾಗಿದ್ದಿತು. ಹಾರೆಯವರಿಲ್ಲದೆ ಬರಿಯ 20 ಬಂದೂಕುಗಳು ಗೋಡೆಯನ್ನು ಕೆಡಹಲಾರವು. ಫಿಗೈರೆದೊವು ಮುತ್ತಿಗೆಯನ್ನು ಶೀಘ್ರವಾಗಿ ಮುಗಿಸಿದನೆನ್ನಬಹುದೇ ಹೊರತು ಗೆಲವನ್ನು ತಂದನೆನ್ನಲಾಗದು.

ಕಾಲವಿಚಾರದಲ್ಲಿಯೂ ನೂನಿಜನು ತಪ್ಪಿರುವನು. ಯುದ್ಧವು 1522ರ ಮೇ ತಿಂಗಳಿನ ಶನಿವಾರ, ಅಮಾವಾಸ್ಯೆಯಂದು ನಡೆಯಿತೆಂದು ಅವನ ಹೇಳಿಕೆ. ಸ್ಯೂವೆಲ್ ಮಹಾಶಯರು ಇದನ್ನು ಪರಿಶೀಲಿಸಿ 1520ನೆಯ ಮೇ 19, ಶನಿವಾರವೆಂದು ನಿಶ್ಚಯಿಸಿರುವರು. ಅಮಾವಾಸ್ಯೆಯು ಗುರುವಾರವೇ ಕಳೆದಿದ್ದಿತು. ನೂನಿಜನು ಹೇಳಿದ್ದು ಚಂದ್ರದರ್ಶನದ ದಿನವೆಂದು ಅವರ ಊಹೆ.