ಮೂಲಸ್ಥಿತಿಯ ಪ್ರಶ್ನೆ: ‘ಬುಲಿಟ್’ ಮಸ್ಟಾಂಗ್ ಕಾರು ಮತ್ತು ಒಂದು ಕುಟುಂಬದ ಪಾಲನೆ

ಹಳೆಯದರ ರಕ್ಷಣೆಯ ಕುರಿತು ನಮ್ಮ ಶಾಸನಗಳು ಬಳಸಿರುವ ಪದ ‘ಜೀರ್ಣೋದ್ಧಾರ’. ಶಿಥಿಲವಾದ ದೇಗುಲವನ್ನು, ಒಡೆದ ಕೆರೆಯ ಏರಿಯನ್ನು ಮತ್ತೆ ಮೊದಲಿನಂತೆ ನಿಲ್ಲಿಸುವುದು ಪುಣ್ಯದ ಕೆಲಸವೆಂದು ಅವು ಸಾರುತ್ತವೆ. ಬಳಕೆಯಲ್ಲಿರುವ ಕೆರೆಗೆ, ಪೂಜೆ ನಡೆಯುವ ಗುಡಿಗೆ ಈ ಮಾತು ಸರಿಯಾದುದೇ. ಆದರೆ ಗತಕಾಲದ ಸಾಕ್ಷ್ಯವಾಗಿ ಉಳಿಯಬೇಕಾದ ವಸ್ತುವಿನ ವಿಷಯ ಬೇರೆ. ಮನೆತನವೊಂದು ತಲೆಮಾರುಗಳಿಂದ ಭಕ್ತಿಯಿಂದ ಕಾಪಾಡಿಕೊಂಡು ಬಂದ ತಾಮ್ರಪಟವನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ಬೆಳಗಿದರೆ, ತಗಡು ಹೊಳೆಯುತ್ತದೆ, ಅಕ್ಷರ ಸವೆಯುತ್ತದೆ. ಶಾಸನತಜ್ಞರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಸರ್ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಸಂರಕ್ಷಣಾ ಕೈಪಿಡಿಯು ಸ್ಮಾರಕಗಳ ಮಟ್ಟಿಗೆ ಇದೇ ಎಚ್ಚರಿಕೆಯನ್ನು ನೀಡಿತು. ಇರುವುದನ್ನು ಇರುವಂತೆ ಉಳಿಸುವುದು ಮೊದಲ ಕರ್ತವ್ಯ, ಹೊಸದಾಗಿ ಕಟ್ಟುವುದಲ್ಲ ಎಂಬುದು ಅದರ ತಿರುಳು.

ಈ ತತ್ತ್ವವು ಮೋಟಾರು ವಾಹನಗಳಿಗೆ ಅನ್ವಯವಾದುದು ತೀರ ಈಚೆಗೆ. ಹಳೆಯ ಕಾರಿನ ಹವ್ಯಾಸವೆಂದರೆ ಅದನ್ನು ಬಿಚ್ಚಿ, ಉಜ್ಜಿ, ಹೊಸ ಬಣ್ಣ ಬಳಿದು, ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತಲೂ ಹೆಚ್ಚು ಹೊಳೆಯುವಂತೆ ಮಾಡುವುದೆಂಬ ಭಾವನೆ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಪ್ರಬಲವಾಗಿತ್ತು. 1966ರಲ್ಲಿ ಸ್ಥಾಪಿತವಾದ ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ‘ಟ್ಯೂರಿನ್ ಸನ್ನದು’ ಈ ಭಾವನೆಯನ್ನು ಪ್ರಶ್ನಿಸಿತು. ಸ್ಮಾರಕಗಳಿಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ಮಾದರಿಯನ್ನು ಅನುಸರಿಸಿದ ಈ ಸನ್ನದು, ವಾಹನವನ್ನು ಅದು ತಯಾರಾದ ದಿನದ ಸ್ಥಿತಿಗೆ ಮರಳಿಸುವುದು ಅನಿವಾರ್ಯವಲ್ಲವೆಂದೂ, ಬಳಕೆಯ ಅವಧಿಯಲ್ಲಿ ಆದ ಮಾರ್ಪಾಡುಗಳೂ ಅದರ ಚರಿತ್ರೆಯ ಭಾಗವೆಂದೂ ಒಪ್ಪುತ್ತದೆ. ಈ ವಿಚಾರದ ಬಲ ಮತ್ತು ತೊಡಕುಗಳೆರಡನ್ನೂ ಪರಿಶೀಲಿಸಲು ಅಮೆರಿಕದ ಕೀರ್ನನ್ ಕುಟುಂಬದಲ್ಲಿ ಸುಮಾರು ನಾಲ್ಕೂವರೆ ದಶಕಗಳ ಕಾಲ ಉಳಿದ 1968ರ ಫೋರ್ಡ್ ಮಸ್ಟಾಂಗ್ ಜಿಟಿ ಕಾರಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಇದನ್ನು ‘ವಿಂಟೇಜ್’ ಎನ್ನಬಹುದೇ ಎಂಬ ಆಕ್ಷೇಪ ಏಳಬಹುದು. 1934ರಲ್ಲಿ ಆರಂಭವಾದ ಇಂಗ್ಲೆಂಡಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಲೆಕ್ಕದಲ್ಲಿ 1930ರ ನಂತರದ ಯಾವ ಕಾರಿಗೂ ಆ ಹೆಸರು ಸಲ್ಲದು. ಭಾರತ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರವಾದರೋ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎನಿಸುತ್ತವೆ. ಫಾಲ್ಕನ್ ಎಂಬ ಸಾಧಾರಣ ಕಾರಿನ ಭಾಗಗಳ ಮೇಲೆ ಕಟ್ಟಿ 1964ರಲ್ಲಿ ಬಿಡುಗಡೆ ಮಾಡಿದ ಮಸ್ಟಾಂಗನ್ನು ಸ್ಪೋರ್ಟ್ಸ್ ಕಾರುಗಳ ಸಾಲಿನಲ್ಲಿ ಸೇರಿಸಲು ಒಪ್ಪದವರೂ ಇದ್ದಾರೆ. ಪ್ರಸ್ತುತ ಚರ್ಚೆಗೆ ಈ ವರ್ಗೀಕರಣ ಮುಖ್ಯವಲ್ಲ.

ವಾರ್ನರ್ ಬ್ರದರ್ಸ್ ಸಂಸ್ಥೆಗಾಗಿ ಪೀಟರ್ ಯೇಟ್ಸ್ ನಿರ್ದೇಶಿಸಿ, ಸ್ಟೀವ್ ಮೆಕ್ವೀನ್ ನಾಯಕನಾಗಿ ನಟಿಸಿದ ‘ಬುಲಿಟ್’ ಚಿತ್ರ 1968ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಏರಿಳಿತದ ಬೀದಿಗಳಲ್ಲಿ ಹಸಿರು ಮಸ್ಟಾಂಗ್ ಮತ್ತು ಕಪ್ಪು ಡಾಜ್ ಚಾರ್ಜರ್ ಕಾರುಗಳ ನಡುವೆ ಸುಮಾರು ಹನ್ನೊಂದು ನಿಮಿಷ ನಡೆಯುವ ಬೆನ್ನಟ್ಟುವಿಕೆ ಅದರ ಕೀರ್ತಿಗೆ ಕಾರಣ. ಸಂಕಲನಕಾರ ಫ್ರಾಂಕ್ ಕೆಲ್ಲರ್ ಆಸ್ಕರ್ ಪ್ರಶಸ್ತಿ ಪಡೆದರು. ಚಿತ್ರೀಕರಣಕ್ಕೆ ಬಳಸಿದ ಮಸ್ಟಾಂಗ್‌ಗಳು ಎರಡು. ಅವುಗಳ ಗುರುತಿನ ಸಂಖ್ಯೆಗಳು ಒಂದರ ಪಕ್ಕ ಒಂದು ಬರುತ್ತವೆ. ಕೊನೆಯ ಮೂರು ಅಂಕಿಗಳು 558 ಮತ್ತು 559. ಈ ಸಂಖ್ಯೆಯೂ ಒಂದು ಬಗೆಯ ಶಾಸನವೇ. ಮೊದಲ 8 ಎಂಬುದು 1968ನ್ನೂ, ‘ಆರ್’ ಅಕ್ಷರ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಾರ್ಖಾನೆಯನ್ನೂ, 02 ಎಂಬುದು ಹಿಂಬದಿಗೆ ಇಳಿಜಾರಾದ ಮೇಲ್ಛಾವಣಿಯ ಮಾದರಿಯನ್ನೂ, ‘ಎಸ್’ ಅಕ್ಷರ 390 ಘನ ಅಂಗುಲದ ಎಂಟು ಸಿಲಿಂಡರಿನ ಎಂಜಿನ್ನನ್ನೂ ಸೂಚಿಸುತ್ತವೆ. ಜಿಗಿತಗಳ ಪೆಟ್ಟನ್ನು ತಡೆಯುವಂತೆ ಈ ಕಾರುಗಳನ್ನು ಸಜ್ಜುಗೊಳಿಸಿದವನು ರೇಸ್ ಕಾರುಗಳ ತಯಾರಕ ಮ್ಯಾಕ್ಸ್ ಬಾಲ್ಚೌಸ್ಕಿ. ಕಂಪನಿಯ ಲಾಂಛನಗಳನ್ನು ತೆಗೆಯಲಾಯಿತು, ಚಕ್ರಗಳನ್ನು ಬದಲಿಸಲಾಯಿತು, ಕ್ಯಾಮೆರಾ ಕೂರಿಸುವ ಸಲುವಾಗಿ ಒಡಲಿನ ಕೆಳಗೆ ಕಬ್ಬಿಣದ ಕೊಳವೆಗಳನ್ನು ಬೆಸುಗೆ ಹಾಕಲಾಯಿತು.

558 ಸಂಖ್ಯೆಯ ಕಾರು ನೆಗೆತದ ದೃಶ್ಯಗಳಲ್ಲಿ ಜಖಂಗೊಂಡು ಕಣ್ಮರೆಯಾಯಿತು. 559 ಸಂಖ್ಯೆಯದನ್ನು ಚಿತ್ರಸಂಸ್ಥೆಯ ನೌಕರನೊಬ್ಬ ಕೊಂಡ. 1970ರಲ್ಲಿ ಅದು ನ್ಯೂಜೆರ್ಸಿಯ ಪೊಲೀಸ್ ಪತ್ತೇದಾರನೊಬ್ಬನ ಕೈಸೇರಿತು. ಅವನು 1974ರಲ್ಲಿ ಮಾಸಪತ್ರಿಕೆಯಲ್ಲಿ ಜಾಹೀರಾತು ನೀಡಿದಾಗ, ಅದೇ ರಾಜ್ಯದ ರಾಬರ್ಟ್ ಕೀರ್ನನ್ 6,000 ಡಾಲರಿಗೆ ಕೊಂಡುಕೊಂಡರು. ಅವರದು ವಿಮಾ ಸಂಸ್ಥೆಯಲ್ಲಿ ಉದ್ಯೋಗ. ಕಾರು ಮನೆಬಳಕೆಗೆ ಬಂದಿತು; ಅವರ ಪತ್ನಿ ಶಿಕ್ಷಕಿಯಾಗಿದ್ದು, ಅದರಲ್ಲಿಯೇ ಶಾಲೆಗೆ ಹೋಗಿಬರುತ್ತಿದ್ದರು. ಸಂಗ್ರಾಹಕರ ಕಣ್ಣಿಗೆ ಇದು ಅಪಚಾರವಾಗಿ ಕಂಡೀತು. ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಆಗಿನ್ನೂ ಆರು ವರ್ಷ ಹಳೆಯದಾಗಿದ್ದ ಕಾರೊಂದನ್ನು ಅದಕ್ಕೆ ಸಹಜವಾದ ಕೆಲಸಕ್ಕೆ ಬಳಸಿದ್ದಷ್ಟೇ ಇಲ್ಲಿ ನಡೆದದ್ದು.

1977ರ ಡಿಸೆಂಬರ್ 14ರಂದು ಮೆಕ್ವೀನ್ ಈ ಕುಟುಂಬಕ್ಕೆ ಬರೆದ ಪತ್ರವು ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ದಾಖಲೆ. ಕಾರನ್ನು ಮರಳಿ ಕೊಡಬೇಕೆಂದು ಮತ್ತೊಮ್ಮೆ ಕೋರಿದ ಅವನು, ಅದು ತನ್ನ ಕುಟುಂಬದಲ್ಲಿ ಉಳಿಯಬೇಕೆಂಬ ಆಸೆಯನ್ನು ತಿಳಿಸಿದ. ಅದನ್ನು ನವೀಕರಿಸುವ ಉದ್ದೇಶ ತನಗಿಲ್ಲವೆಂದೂ, ಚಿತ್ರದಲ್ಲಿ ಬಳಸಿದಾಗ ಹೇಗಿತ್ತೋ ಹಾಗೆಯೇ ಇಟ್ಟುಕೊಳ್ಳುವೆನೆಂದೂ ಬರೆದ. ಹೆಚ್ಚು ಹಣ ತಗುಲದಿದ್ದರೆ ಅಂಥದೇ ಇನ್ನೊಂದು ಮಸ್ಟಾಂಗ್ ಹುಡುಕಿಕೊಡುವ ಪ್ರಸ್ತಾಪವೂ ಅದರಲ್ಲಿತ್ತು. ನವೀಕರಣವೇ ಗೌರವವೆಂದು ಎಲ್ಲರೂ ಭಾವಿಸಿದ್ದ ಕಾಲದಲ್ಲಿ, ಯಾವ ಸನ್ನದೂ ಹುಟ್ಟುವುದಕ್ಕೆ ಮೂರೂವರೆ ದಶಕ ಮೊದಲು, ನಟನೊಬ್ಬನು ಮೂಲಸ್ಥಿತಿಯ ಮೌಲ್ಯವನ್ನು ಇಷ್ಟು ಸ್ಪಷ್ಟವಾಗಿ ಗ್ರಹಿಸಿದ್ದನೆಂಬುದು ಗಮನಾರ್ಹ. ಕೀರ್ನನ್ ಕಾರನ್ನು ಕೊಡಲಿಲ್ಲ. ಪತ್ರವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಹೀಗೆ ಕಾರು ತಮ್ಮ ಕುಟುಂಬದ್ದೆಂದು ಎರಡು ಮನೆತನಗಳು ಏಕಕಾಲಕ್ಕೆ ಭಾವಿಸಿದ್ದವು. ಒಂದರದು ನೆನಪಿನ ಹಕ್ಕು, ಇನ್ನೊಂದರದು ಸ್ವಾಧೀನದ ಹಕ್ಕು. ಮೆಕ್ವೀನ್ 1980ರ ನವೆಂಬರಿನಲ್ಲಿ ನಿಧನನಾದ.

ಅದೇ ವರ್ಷ, ಸುಮಾರು 65,000 ಮೈಲಿ ಓಡಿದ್ದ ಕಾರಿನ ಕ್ಲಚ್ ಕೆಟ್ಟಿತು. ಕುಟುಂಬ ಊರಿಂದೂರಿಗೆ ನೆಲೆ ಬದಲಿಸಿ ಕೊನೆಗೆ ಟೆನೆಸಿ ರಾಜ್ಯದಲ್ಲಿ ನೆಲೆಗೊಂಡಾಗಲೂ ಕಾರು ಅವರೊಡನೆ ಸಾಗಿತು, ಆದರೆ ರಸ್ತೆಗೆ ಇಳಿಯಲಿಲ್ಲ. ಅದು ಎಲ್ಲಿದೆಯೆಂದು ಅಭಿಮಾನಿಗಳಿಗೆ ದಶಕಗಳ ಕಾಲ ತಿಳಿಯಲಿಲ್ಲ. ಈ ಮೂರು ದಶಕಗಳ ನಿಷ್ಕ್ರಿಯತೆಯನ್ನು ಸಂರಕ್ಷಣೆಯೆಂದು ಕರೆಯುವುದು ಸಡಿಲ ಮಾತಾಗುತ್ತದೆ. ರಿಪೇರಿಯನ್ನು ಮುಂದೂಡಿದ್ದು, ಸಂಸಾರದ ಇತರ ಜವಾಬ್ದಾರಿಗಳು, ಮಾರಲೊಲ್ಲದ ಹಟ ಇವೆಲ್ಲ ಸೇರಿ ಆದ ಫಲ ಅದು. ಅಟ್ಟದ ಮೇಲೆ ಕಟ್ಟಿಟ್ಟು ಮರೆತ ಓಲೆಗರಿಯ ಕಟ್ಟು ಉಳಿಯುವುದೂ ಹೀಗೆಯೇ. ಆದರೆ ಮರೆವಿಗೂ ಮುಚ್ಚಿಡುವುದಕ್ಕೂ ವ್ಯತ್ಯಾಸವಿದೆ. ಕೀರ್ನನ್ ಕುಟುಂಬ ತನ್ನಲ್ಲಿರುವುದು ಏನೆಂಬುದನ್ನು ಒಂದು ದಿನವೂ ಮರೆತಿರಲಿಲ್ಲ. 2001ರಲ್ಲಿ ಫೋರ್ಡ್ ಸಂಸ್ಥೆ ‘ಬುಲಿಟ್’ ಹೆಸರಿನ ಹೊಸ ಮಸ್ಟಾಂಗ್ ಹೊರತಂದ ಸಮಯದಲ್ಲಿ ತಂದೆ ಮತ್ತು ಮಗ ಹಳೆಯ ಕಾರಿನ ಕೆಲಸಕ್ಕೆ ಕೈ ಹಾಕಿದರು. ತಂದೆಯ ಅನಾರೋಗ್ಯದಿಂದ ಅದು ಪೂರ್ಣಗೊಳ್ಳಲಿಲ್ಲ. 2014ರಲ್ಲಿ ತಂದೆ ತೀರಿಕೊಂಡ ಬಳಿಕ ಮಗ ಅದನ್ನು ಮುಂದುವರಿಸಿದರು.

ಇಲ್ಲಿ ಅವರು ಕೈಗೊಂಡ ನಿರ್ಧಾರವೇ ಈ ಕಾರಿಗೆ ಚಾರಿತ್ರಿಕ ಬೆಲೆ ತಂದದ್ದು. ಯಂತ್ರಭಾಗಗಳನ್ನು ಓಡುವ ಸ್ಥಿತಿಗೆ ತಂದರೂ ಮೈಯನ್ನು ಮುಟ್ಟಲಿಲ್ಲ. ಮಾಸಿದ ಹಸಿರು ಬಣ್ಣ, ತುಕ್ಕು, ತಗ್ಗುಗಳು ಇದ್ದಂತೆಯೇ ಉಳಿದವು. ಕ್ಯಾಮೆರಾಕ್ಕೆಂದು ಬೆಸೆದ ಕೊಳವೆಗಳೂ ಉಳಿದವು. ಗುರುತಿನ ಸಂಖ್ಯೆ, ಒಡೆತನದ ಕಾಗದಗಳು, ಮೆಕ್ವೀನನ ಪತ್ರ ಇವುಗಳೊಂದಿಗೆ ಲೋಹದ ಮೇಲಿನ ಈ ಗುರುತುಗಳನ್ನೂ ತಾಳೆನೋಡಿ ಕಾರಿನ ನಿಜತ್ವವನ್ನು ನಿರ್ಣಯಿಸಲು ಸಾಧ್ಯವಾಯಿತು. ಮೈಯನ್ನು ತಿಕ್ಕಿ ಬಣ್ಣ ಬಳಿದು ‘ಅನಗತ್ಯ’ ಬೆಸುಗೆಗಳನ್ನು ಕತ್ತರಿಸಿ ಹಾಕಿದ್ದರೆ ಉಳಿಯುತ್ತಿದ್ದುದು ಸುಂದರವಾದ ಒಂದು ಮಸ್ಟಾಂಗ್ ಮಾತ್ರ. ಅಂಥವು ಸಾವಿರಾರು ಇವೆ.

‘ಮೂಲ’ ಎಂಬ ಪದದ ತೊಡಕೂ ಇಲ್ಲಿಯೇ ಇದೆ. ಮೇಲೆ ಹೇಳಿದ ಭಾರತದ 2021ರ ನಿಯಮಗಳು ಮೂಲರೂಪದಲ್ಲಿ ಉಳಿದಿರುವ, ಚಾಸಿ, ಒಡಲು ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರದ ವಾಹನಗಳಿಗಷ್ಟೇ ವಿಂಟೇಜ್ ಮಾನ್ಯತೆ ನೀಡುತ್ತವೆ. ಮನಬಂದಂತೆ ಹೊಸ ಭಾಗ ಜೋಡಿಸಿ ಹಳೆಯದೆಂದು ತೋರಿಸುವವರನ್ನು ತಡೆಯಲು ಇಂಥ ನಿಬಂಧನೆ ಅಗತ್ಯವೇ ಸರಿ. ಆದರೆ ಆ ಅಳತೆಗೋಲನ್ನು ಅಕ್ಷರಶಃ ಹಿಡಿದರೆ ಬಾಲ್ಚೌಸ್ಕಿಯ ಕೈಚಳಕದಿಂದ ಬದಲಾದ ಈ ಕಾರು ಅರ್ಹತೆ ಕಳೆದುಕೊಳ್ಳುವ ಸಂಭವವಿದೆ. ಅದರ ಮಹತ್ವವಿರುವುದೋ ಆ ಬದಲಾವಣೆಯಲ್ಲಿಯೇ. ಕಾರ್ಖಾನೆಯ ಮೂಲ ಒಂದು, ಘಟನೆಯ ಮೂಲ ಇನ್ನೊಂದು. ಎರಡನ್ನೂ ಒಂದೇ ಶಬ್ದದಲ್ಲಿ ಹಿಡಿಯಲು ಹೊರಟ ಯಾವ ನಿಯಮವೂ ಎಲ್ಲಿಯಾದರೂ ಎಡವಲೇಬೇಕು. ಈ ದೃಷ್ಟಿಯಿಂದ ಟ್ಯೂರಿನ್ ಸನ್ನದಿನ ನಿಲುವು ಹೆಚ್ಚು ವಿವೇಕದ್ದು.

ಅವಳಿ ಕಾರಿನ ಗತಿಯನ್ನು ಇದರೊಡನೆ ಹೋಲಿಸಬಹುದು. ನಾಶವಾಯಿತೆಂದೇ ನಂಬಿದ್ದ 558 ಸಂಖ್ಯೆಯ ಕಾರಿನ ಒಡಲು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪ್ರದೇಶದಲ್ಲಿ ದೊರೆತ ಸುದ್ದಿ 2017ರಲ್ಲಿ ಪ್ರಕಟವಾಯಿತು. ಅದನ್ನು ಕೊಂಡವರು ಬೇರೊಂದು ಚಲನಚಿತ್ರದ ಮಸ್ಟಾಂಗಿನ ನಕಲನ್ನಾಗಿ ಅದನ್ನು ರೂಪಿಸುವ ಸಿದ್ಧತೆಯಲ್ಲಿದ್ದರು. ಗುರುತಿನ ಸಂಖ್ಯೆಯನ್ನು ಪರಿಶೀಲಿಸಿದ್ದರಿಂದ ಮಾತ್ರ ಅದು ಉಳಿಯಿತು. ಎಂಜಿನ್ ಇಲ್ಲದ, ಬಣ್ಣದ ಪದರಗಳಡಿ ಹೂತುಹೋದ ಆ ಒಡಲಿಗೆ ಮರುನಿರ್ಮಾಣವಲ್ಲದೆ ಬೇರೆ ದಾರಿಯಿರಲಿಲ್ಲ. ಒಂದೇ ದಿನಗಳಲ್ಲಿ ಒಂದೇ ಕಾರ್ಖಾನೆಯಿಂದ ಹೊರಟ ಎರಡು ವಸ್ತುಗಳಲ್ಲಿ ಒಂದಕ್ಕೆ ಕುಟುಂಬವೊಂದರ ಆಶ್ರಯ ದೊರೆಯಿತು, ಇನ್ನೊಂದಕ್ಕೆ ದೊರೆಯಲಿಲ್ಲ.

559 ಸಂಖ್ಯೆಯ ಕಾರು ಸಾರ್ವಜನಿಕರಿಗೆ ಮೊದಲು ಕಂಡದ್ದು 2018ರ ಜನವರಿ 14ರಂದು, ಡೆಟ್ರಾಯಿಟ್ ವಾಹನ ಪ್ರದರ್ಶನದಲ್ಲಿ. ಹೊಸ ‘ಬುಲಿಟ್’ ಮಾದರಿಯ ಜೊತೆಯಲ್ಲಿ ಅದನ್ನು ನಿಲ್ಲಿಸಲಾಗಿತ್ತು. ಆ ಸಮಾರಂಭದಲ್ಲಿ ಮೆಕ್ವೀನನ ಮೊಮ್ಮಗಳು ಮಾಲಿ ಮೆಕ್ವೀನ್ ಭಾಗವಹಿಸಿದ್ದರು. ಸಂಸ್ಥೆಯ ವ್ಯಾಪಾರದ ಹಿತ ಇಲ್ಲಿ ಮರೆಯಾಗಿಯೇನೂ ಇರಲಿಲ್ಲ. ಇದಕ್ಕಿಂತ ಶಾಶ್ವತವಾದ ಕೆಲಸ ಅದೇ ವರ್ಷ ಬೇರೆಡೆ ನಡೆಯಿತು: ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ವಾಹನ ನೋಂದಣಿಯಲ್ಲಿ ಈ ಕಾರು 21ನೆಯದಾಗಿ ಸೇರ್ಪಡೆಯಾಯಿತು. ಘಟನೆಯೊಂದಿಗಿನ ಸಂಬಂಧ, ವ್ಯಕ್ತಿಯೊಂದಿಗಿನ ಸಂಬಂಧ, ವಿನ್ಯಾಸ ಅಥವಾ ನಿರ್ಮಾಣದ ವೈಶಿಷ್ಟ್ಯ, ಮಾಹಿತಿಯ ಆಕರವಾಗಿರುವ ಯೋಗ್ಯತೆ ಎಂಬ ನಾಲ್ಕು ನೆಲೆಗಳಿಂದ ಈ ನೋಂದಣಿಯ ಆಯ್ಕೆ ನಡೆಯುತ್ತದೆ. ಆಯ್ಕೆಯಾದ ವಾಹನದ ಛಾಯಾಚಿತ್ರ ಮತ್ತು ಚರಿತ್ರೆಯ ದಾಖಲೆಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಸಿದ್ಧಪಡಿಸಲಾಗುತ್ತದೆ. ‘ಬುಲಿಟ್’ ಚಿತ್ರವನ್ನು ಅದೇ ಗ್ರಂಥಾಲಯ 2007ರಲ್ಲಿ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಆಯ್ದುಕೊಂಡಿತ್ತು. 2018ರ ಏಪ್ರಿಲಿನಲ್ಲಿ ಕಾರನ್ನು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಆವರಣದಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಪ್ರದರ್ಶಿಸಲಾಯಿತು. ತುಕ್ಕು ಹಿಡಿದ ವಾಹನವನ್ನು ದೇಶದ ಪ್ರಮುಖ ಸಂಗ್ರಹಾಲಯಗಳ ನಡುವೆ ಹೀಗೆ ನಿಲ್ಲಿಸಿದ್ದು, ತುಕ್ಕನ್ನೂ ಓದಬಹುದಾದ ಬರಹವೆಂದು ಒಪ್ಪಿದಂತೆಯೇ ಆಯಿತು.

ಗಾಜಿನ ಪೆಟ್ಟಿಗೆಗೂ ತನ್ನದೇ ಮಿತಿಯಿದೆ. ಚಲನೆಗಾಗಿ ಹುಟ್ಟಿದ ವಸ್ತುವನ್ನು ನಿಲ್ಲಿಸಿ ತೋರಿಸಿದರೆ ಅದರ ಅರ್ಧ ಅರ್ಥ ಪ್ರೇಕ್ಷಕನಿಗೆ ತಲುಪದು. ಓಡಿಸಿದರೆ ಉಳಿಸಬೇಕಾದ ಭಾಗಗಳೇ ಸವೆಯುತ್ತವೆ. ಈ ಪ್ರಶ್ನೆಗೆ ಬೇರೊಂದು ಉತ್ತರ ಫಿಲಡೆಲ್ಫಿಯಾದಲ್ಲಿದೆ. ನರಶಸ್ತ್ರಚಿಕಿತ್ಸಕ ಫ್ರೆಡ್ ಸಿಮಿಯೋನ್ ತಮ್ಮ ವೈದ್ಯ ತಂದೆಯ ಆಸಕ್ತಿಯಿಂದ ಮೊದಲಾದ ಕಾರು ಸಂಗ್ರಹವನ್ನು ಬೆಳೆಸಿ, ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿ, 2008ರಲ್ಲಿ ಸಂಗ್ರಹಾಲಯವಾಗಿ ತೆರೆದರು. ಅಲ್ಲಿ ಆಯ್ದ ದಿನಗಳಲ್ಲಿ ಕೆಲವು ಕಾರುಗಳನ್ನು ಓಡಿಸಿ ತೋರಿಸುವ ಪದ್ಧತಿ ಬೆಳೆಯಿತು. ರಾಷ್ಟ್ರೀಯ ನೋಂದಣಿಯಲ್ಲಿ 2014ರಲ್ಲಿ ಮೊದಲನೆಯದಾಗಿ ದಾಖಲಾದ ಶೆಲ್ಬಿ ಕೋಬ್ರಾ ಡೇಟೋನಾ ರೇಸ್ ಕಾರೂ ಆ ಸಂಗ್ರಹದ್ದೇ. ಸಿಮಿಯೋನ್ 2022ರಲ್ಲಿ ನಿಧನರಾದರೂ ಸಂಗ್ರಹ ಚದುರಲಿಲ್ಲ. ಆದರೆ ಪ್ರತಿಷ್ಠಾನ ಕಟ್ಟಲು ಬೇಕಾದ ಹಣ, ಕಟ್ಟಡ, ಸಿಬ್ಬಂದಿ ಒಂದೇ ಒಂದು ಕಾರನ್ನು ಉಳಿಸಿಕೊಂಡ ಮಧ್ಯಮ ವರ್ಗದ ಮನೆಗೆ ಎಲ್ಲಿಂದ ಬರಬೇಕು? ಕಾರಿನ ಕೀರ್ತಿ ಹೆಚ್ಚಿದಷ್ಟೂ ಅದರ ಕಾವಲು, ವಿಮೆ, ಸಾಗಣೆಗಳ ಹೊರೆಯೂ ಹೆಚ್ಚುತ್ತದೆ. ಮನೆಯ ಷೆಡ್ಡಿನಲ್ಲಿ ಅಜ್ಞಾತವಾಗಿದ್ದಾಗ ಸುರಕ್ಷಿತವಾಗಿದ್ದ ವಸ್ತು, ಲೋಕಕ್ಕೆ ತಿಳಿದ ಮರುದಿನ ಅದೇ ಷೆಡ್ಡಿನಲ್ಲಿ ಸುರಕ್ಷಿತವಲ್ಲ. ಪ್ರದರ್ಶನವೇ ಪಾಲನೆಯನ್ನು ಅಸಾಧ್ಯವಾಗಿಸುವ ಈ ವಿರೋಧಾಭಾಸವನ್ನು ಸನ್ನದುಗಳು ಚರ್ಚಿಸುವುದಿಲ್ಲ.

2020ರ ಜನವರಿ 10ರಂದು ಫ್ಲಾರಿಡಾದ ಕಿಸ್ಸಿಮಿ ನಗರದಲ್ಲಿ ಕುಟುಂಬವು ಕಾರನ್ನು ಹರಾಜಿಗೆ ಇಟ್ಟಿತು. ಸವಾಲು ಆರಂಭವಾದದ್ದು 3,500 ಡಾಲರಿನಿಂದ. ನಿಂತದ್ದು 34 ಲಕ್ಷ ಡಾಲರಿನಲ್ಲಿ. ಹರಾಜು ಸಂಸ್ಥೆಯ ಶುಲ್ಕವೂ ಸೇರಿ 37 ಲಕ್ಷ 40 ಸಾವಿರ ಡಾಲರ್ ಆಯಿತು. ಅಲ್ಲಿಯವರೆಗೆ ಯಾವ ಮಸ್ಟಾಂಗ್ ಕಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಕೊಂಡವರ ಹೆಸರನ್ನು ಹರಾಜಿನ ವೇಳೆ ಬಹಿರಂಗಪಡಿಸಲಿಲ್ಲ.