ಗುಡುಗುಡಿ ಹಾಡು ಗುಜರಾತಿಗೆ ಬಂದ ದಾರಿಗಳು

ರಘು ದೀಕ್ಷಿತ್ ತಂಡದ ಹಾಡನ್ನು ನೀವು ಮೊದಲು ಕೇಳಿದ್ದು ಎಲ್ಲಿ, ಹೇಗೆ? ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಸಿಕ್ಕ ಕನ್ನಡಿಗರಿಗೆಲ್ಲ ಸುಮಾರು ಒಂದೂವರೆ ವರ್ಷದಿಂದ ನಾನು ಈ ಪ್ರಶ್ನೆ ಕೇಳುತ್ತ ಬಂದಿದ್ದೇನೆ. ಊಟದ ಪಂಕ್ತಿಯಲ್ಲಿ, ರಾಜ್ಯೋತ್ಸವದ ತಾಲೀಮಿನಲ್ಲಿ, ರೈಲಿನಲ್ಲಿ. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಿದರೆ ಜನ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಮೊದಲು ಎಲ್ಲಿ ಕೇಳಿದಿರಿ ಎಂದರೆ ಮಾತ್ರ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಯಾವ ಹಾಸ್ಟೆಲ್, ಯಾವ ಗೆಳೆಯ, ಯಾರ ಇಯರ್‌ಫೋನಿನ ಒಂದು ಕಿವಿ, ಎಲ್ಲ ಹೊರಗೆ ಬರುತ್ತದೆ. ಉತ್ತರ ಕೇಳಿದರೆ ಹೇಳಿದವರ ವಯಸ್ಸನ್ನು ಎರಡು ವರ್ಷ ಆಚೀಚೆ ಊಹಿಸಬಹುದು.

ತಂಡದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯದಲ್ಲಿ ವಿದ್ವತ್ ಮುಗಿಸಿದವರು. ಬೆಲ್ಜಿಯಮ್ಮಿನಲ್ಲಿ ಸ್ವಲ್ಪ ಕಾಲ ಔಷಧ ಕಂಪನಿಯ ಕೆಲಸ ಮಾಡಿದ್ದರು. 90ರ ದಶಕದ ಕೊನೆಗೆ ಬೆಂಗಳೂರಿನಲ್ಲಿ 'ಅಂತರಾಗ್ನಿ' ಎಂಬ ತಂಡ ಹುಟ್ಟಿತು, ಪಿಟೀಲಿನಲ್ಲಿ ಎಚ್. ಎನ್. ಭಾಸ್ಕರ್ ಇದ್ದರು. ಆ ತಂಡ ಚದುರಿದ ಮೇಲೆ ಬಂದದ್ದು 'ದ ರಘು ದೀಕ್ಷಿತ್ ಪ್ರಾಜೆಕ್ಟ್'. ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ, ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಜೋಡಿಯ ಲೇಬಲ್ಲಿನಿಂದ. ಹಳೆಯ ತಂಡದ ಹೆಸರನ್ನೇ ಆಲ್ಬಮ್ಮಿಗೆ ಇಟ್ಟರು. ಅಂದರೆ ಸುಮಾರು ಹತ್ತು ವರ್ಷ ಈ ಹಾಡುಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಆ ಹತ್ತು ವರ್ಷದ ಕೇಳುಗರು ನಮ್ಮಲ್ಲಿ ಕಡಿಮೆ. ನನಗೆ ಸಿಕ್ಕಿದ್ದು ಒಬ್ಬರೇ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಈಗ ಅಹಮದಾಬಾದಿನ ಬೋಪಲ್‌ನಲ್ಲಿ ಮನೆ ಮಾಡಿಕೊಂಡಿರುವ ಅವರು ಒಂದು ಕಾಲೇಜು ಹಬ್ಬದಲ್ಲಿ ಈ ತಂಡವನ್ನು ಕಂಡವರು. ಮೆಟಾಲಿಕಾ ಕವರ್‌ಗೆ ಕಾದು ನಿಂತಿದ್ದ ಗುಂಪಿನ ಮುಂದೆ ಕಾಲಿಗೆ ಗೆಜ್ಜೆ ಕಟ್ಟಿದವನೊಬ್ಬ ಗಿಟಾರ್ ಹಿಡಿದು ಬಂದಾಗ ಮೊದಲು ನಗು ಎದ್ದಿತಂತೆ. ಆಮೇಲೆ ಶುರುವಾದದ್ದು ಶಿಶುನಾಳ ಶರೀಫರ ಗುಡುಗುಡಿಯ ಹಾಡು. "ಅಯ್ಯೋ, ಇದು ನಮ್ಮಜ್ಜಿ ಹಾಡು ಅನ್ನಿಸಿತು. ಪಕ್ಕದಲ್ಲಿದ್ದ ದೆಹಲಿ ಹುಡುಗ ಕುಣಿಯುತ್ತಿದ್ದ. ನನಗೆ ಕುಣಿಯಬೇಕೋ ಕೈ ಮುಗಿಯಬೇಕೋ ಗೊತ್ತಾಗಲಿಲ್ಲ" ಎಂದರು. ನಾನು ಕೇಳಿದ ಎಲ್ಲ ಕಥೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಗೊಂದಲ. ದೆಹಲಿ ಹುಡುಗ ಆ ಸಂಜೆ ಹೊಸದೊಂದನ್ನು ಕಂಡುಕೊಂಡ. ಇವರು ಹಳೆಯದೊಂದನ್ನು ಗುರುತಿಸಿದರು. ಒಂದೇ ಹಾಡು, ಒಂದೇ ಮೈದಾನ.

ವಡೋದರಾದ ಮಕರಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಮಂಡ್ಯ ಕಡೆಯವರೊಬ್ಬರಿಗೆ ಈ ಬ್ಯಾಂಡು ಗೀಂಡು ಯಾವುದೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು 'ಸೈಕೋ' ಚಿತ್ರದ ಮಹದೇಶ್ವರನ ಹಾಡು. ಅದೂ 2008ರದ್ದೇ, ಸಂಗೀತ ರಘು ದೀಕ್ಷಿತರದ್ದೇ. ಸಿನಿಮಾ ಯಾರೂ ನೋಡಲಿಲ್ಲ, ಹಾಡು ಮಾತ್ರ ಆಟೋಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಮೊಳಗಿತು. ಊರಿಂದ ಬರುವಾಗ ತಮ್ಮನ ಮೆಮೊರಿ ಕಾರ್ಡಿನಲ್ಲಿ ಅದನ್ನು ತುಂಬಿಸಿಕೊಂಡು ಬಂದರಂತೆ. ಇಂಗ್ಲಿಷ್ ಪತ್ರಿಕೆಗಳು 'ಇಂಡಿ' ಎಂದು ಕರೆಯುವ ಸಂಗೀತ ಕನ್ನಡದ ಬಹುಪಾಲು ಜನಕ್ಕೆ ತಲುಪಿದ್ದು ಸಿನಿಮಾ ಬಾಗಿಲಿನಿಂದಲೇ. ಇದನ್ನು ಒಪ್ಪಿಕೊಳ್ಳಲು ನಮ್ಮಂಥ ಸಾಫ್ಟ್‌ವೇರಿನವರಿಗೆ ಸ್ವಲ್ಪ ಕಷ್ಟ. ನಾವು 'ಮೊದಲೇ ಕಂಡುಹಿಡಿದವರು' ಎನ್ನುವ ಜಂಬ ಇರುತ್ತದಲ್ಲ!

ಸೂರತ್ತಿನ ಕಥೆ ಇನ್ನೂ ಸುತ್ತುಬಳಸು. ಅಲ್ಲೇ ಹುಟ್ಟಿ ಬೆಳೆದ, ಮನೆಯಲ್ಲಿ ಕನ್ನಡ ಮಾತಾಡುವ ಆದರೆ ಓದಲು ಬಾರದ ಹುಡುಗಿಯೊಬ್ಬಳಿಗೆ ಈ ತಂಡವನ್ನು ತೋರಿಸಿದ್ದು ಅವಳ ಗುಜರಾತಿ ಸಹಪಾಠಿ. 2010ರಲ್ಲಿ ರಘು ದೀಕ್ಷಿತ್ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋದರು. ಆ ತುಣುಕುಗಳು ಯೂಟ್ಯೂಬಿಗೆ ಬಂದವು, ಅದನ್ನು ಹಿಡಿದು ಇನ್ನೊಂದು, ಮತ್ತೊಂದು. "ಇದು ನಿಮ್ಮ ಭಾಷೆಯಾ?" ಎಂದು ಗೆಳತಿ ಕೇಳಿದಳಂತೆ. ಹಾವೇರಿ ಜಿಲ್ಲೆಯ ಶಿಶುನಾಳದಿಂದ ಬೆಂಗಳೂರು, ಅಲ್ಲಿಂದ ಲಂಡನ್, ಲಂಡನ್ನಿನಿಂದ ಅಠವಾಲೈನ್ಸಿನ ಒಂದು ಹಾಸ್ಟೆಲ್ ಕೋಣೆ. ಆ ಗುಜರಾತಿ ಗೆಳತಿ ಗುಡುಗುಡಿ ಎಂದರೆ ಹುಕ್ಕಾ ಎಂದು ತಿಳಿದು ಅದನ್ನು ಪಾರ್ಟಿ ಹಾಡು ಎಂದೇ ನಂಬಿದ್ದಳು. ಹುಕ್ಕಾ ಬಾರುಗಳಿಗೆ ಈ ರಾಜ್ಯದಲ್ಲಿ 2017ರಲ್ಲಿ ನಿಷೇಧ ಬಂತು. ಶರೀಫರ ಗುಡುಗುಡಿಗೆ ಯಾವ ಪೊಲೀಸರ ಕಾಟವೂ ಇಲ್ಲ. ಅವರು ಸೇದಲು ಹೇಳಿದ್ದು ಈ ದೇಹವೆಂಬ ಗುಡುಗುಡಿಯನ್ನು.

ಇಷ್ಟನ್ನೂ ಕೇಳಿಸಿಕೊಂಡ ಹಿರಿಯರೊಬ್ಬರು, ಕೊಯಲಿ ರಿಫೈನರಿಯಲ್ಲಿ ದುಡಿದು ನಿವೃತ್ತರಾದವರು, ನನ್ನ ಇಡೀ ಪ್ರಶ್ನೆಯನ್ನೇ ಪಕ್ಕಕ್ಕೆ ತಳ್ಳಿದರು. "ಅದು ಅಶ್ವತ್ಥ್ ಹಾಡಲ್ಲವೇನ್ರೀ?" ಅವರ ಬಳಿ ಈಗಲೂ ಕ್ಯಾಸೆಟ್ಟುಗಳಿವೆ, ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ. ರಜೆ ಮುಗಿಸಿ ಬರುವಾಗ ಚಟ್ನಿಪುಡಿಯ ಡಬ್ಬಿಗಳ ನಡುವೆ ಬಟ್ಟೆ ಸುತ್ತಿ ತಂದವು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು. ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾಗಿ ನಟಿಸಿದ ಆ ಚಿತ್ರದ ಸಂಗೀತ ಸಿ. ಅಶ್ವತ್ಥ್ ಅವರದು. ರಾಷ್ಟ್ರೀಯ ಭಾವೈಕ್ಯದ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ತಲೆಮಾರಿನ ಮನೆಗಳಲ್ಲಿ ಶರೀಫರು ಎಂದರೆ ಅಶ್ವತ್ಥರ ಆ ಎತ್ತರದ ಧ್ವನಿಯೇ.

ಆದರೆ ಅಶ್ವತ್ಥರಿಗೂ ಅದು ಬೇರೆಲ್ಲಿಂದಲೋ ಬಂದದ್ದು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಸ್ವಲ್ಪ ಕಾಲ ಶಾಲಾ ಮಾಸ್ತರರಾಗಿದ್ದರು, ಆಮೇಲೆ ಕಳಸದ ಗೋವಿಂದ ಭಟ್ಟರ ಬೆನ್ನು ಹತ್ತಿದರು. ಕಂಡದ್ದರ ಮೇಲೆಲ್ಲ ಪದ ಕಟ್ಟಿದರು: ಸೋರುವ ಮಾಳಿಗೆ, ಬಿದ್ದ ಕೊಡ, ಹೊಸದಾಗಿ ಬಂದ ಗಿರಣಿ. (ಅಹಮದಾಬಾದಿನ ಮೊದಲ ಗಿರಣಿ ಶುರುವಾದದ್ದು 1861ರಲ್ಲಿ, ಶರೀಫರ ಕಾಲದಲ್ಲೇ. ಇಲ್ಲಿನ ಚಿಮಣಿಗಳನ್ನು ಕಂಡಿದ್ದರೆ ಏನು ಹಾಡುತ್ತಿದ್ದರೋ.) ಅವರು ತೀರಿಕೊಂಡ ಮೇಲೆ ಎಷ್ಟೋ ದಶಕ ಈ ಪದಗಳನ್ನು ಕಾಪಾಡಿದ್ದು ಧಾರವಾಡ ಸೀಮೆಯ ಭಜನಾ ಮೇಳಗಳು, ಏಕತಾರಿ, ದಮ್ಮಡಿ ಮತ್ತು ನೆನಪು. ಆ ಹಿರಿಯರ ಮನೆಯಲ್ಲಿ ಕುಂದಗೋಳ ಕಡೆಯ ಅವರ ಹೆಂಡತಿ ಒಳಗಿನಿಂದಲೇ ಅಂದರು: "ಅಶ್ವತ್ಥ್ ಅಲ್ಲ, ಅದು ನಮ್ಮಪ್ಪ ಅಮಾವಾಸ್ಯೆಗೆ ಹಾಡೋ ಪದ." ಹೀಗೆ ಪ್ರತಿಯೊಬ್ಬರೂ ತಾವು ಯಾರಿಂದ ಕೇಳಿದರೋ ಅವರ ಹೆಸರಿಗೆ ಹಾಡನ್ನು ಬರೆದುಕೊಡುತ್ತಾರೆ. ಅಶ್ವತ್ಥ್ ದೊಡ್ಡ ವಾದ್ಯವೃಂದ ಕಟ್ಟಿದರು, ರಘು ದೀಕ್ಷಿತ್ ಡ್ರಮ್ಸ್ ತಂದರು. ಎರಡನ್ನೂ 'ಹಾಳು ಮಾಡಿದರು' ಎಂದು ಬೈದವರನ್ನು ನಾನು ಬಲ್ಲೆ. ನನ್ನ ಮಟ್ಟಿಗೆ ಸೋರುವ ಮಾಳಿಗೆಯ ಹಾಡು ಅಶ್ವತ್ಥರಲ್ಲೇ ಹೆಚ್ಚು ನೋಯಿಸುತ್ತದೆ, ಗುಡುಗುಡಿ ದೀಕ್ಷಿತರಲ್ಲೇ ಹೆಚ್ಚು ಹೊಗೆಯಾಡುತ್ತದೆ.

ವಡೋದರಾದವರು ಈ ವಿಷಯ ಬಂದಾಗ ಒಂದು ಹಳೆಯ ಕಥೆ ನೆನಪಿಸದೆ ಬಿಡುವುದಿಲ್ಲ, ಅದರಲ್ಲಿ ಅರ್ಥವಿದೆ. ಕ್ಯಾಸೆಟ್ಟಿಗೂ ಮೊದಲು ಹೊಸ ಸಂಗೀತ ಕೇಳಬೇಕೆಂದರೆ ಮನುಷ್ಯನೇ ನಡೆದು ಹೋಗಬೇಕಿತ್ತು. ಬರೋಡಾದ ಮೌಲಾ ಬಕ್ಷ್ ಹಾಗೆ ಮೈಸೂರಿಗೆ ಹೋದವರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಮನ್ನಣೆ ಪಡೆದು, ಕರ್ನಾಟಕ ಸಂಗೀತ ಕಲಿತು ಬಂದರು. 1886ರಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಅವರು ತೆರೆದ ಗಾಯನ ಶಾಲೆಯೇ ಇವತ್ತಿನ ಎಂ. ಎಸ್. ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗದ ಮೂಲ. ಎದುರು ದಿಕ್ಕಿನಲ್ಲಿ ಅಬ್ದುಲ್ ಕರೀಂ ಖಾನ್ ಬರೋಡಾ ದರ್ಬಾರು ಬಿಟ್ಟು ಮೀರಜಿಗೆ ಬಂದು ನೆಲೆಸಿದರು. ಅವರ ಶಿಷ್ಯ ನಮ್ಮ ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯರು ಗಂಗೂಬಾಯಿ, ಭೀಮಸೇನ ಜೋಶಿ. ಬರೋಡಾದಿಂದ ಒಬ್ಬರು ಹೊರಟದ್ದಕ್ಕೆ ಧಾರವಾಡಕ್ಕೆ ಕಿರಾಣಾ ಸಿಕ್ಕಿತು.

ನನ್ನದೇ 'ಮೊದಲ ಸಲ' ಬೇರೆ ತಂಡದ್ದು. ಸುರತ್ಕಲ್‌ನಲ್ಲಿ ಎಂಟೆಕ್ ಮಾಡುವಾಗ ಹಾಸ್ಟೆಲಿನ ಲ್ಯಾನ್‌ನಲ್ಲಿ ಯಾರೋ ಹಂಚಿದ ಒಂದು ಫೋಲ್ಡರ್: ಇಂಡಿಯನ್ ಓಷನ್, 'ಕಂದೀಸಾ', 2000. ಅದರಲ್ಲಿ ನರ್ಮದೆಯ ಮೇಲಿನ 'ಮಾ ರೇವಾ' ಇದೆ. ನದಿಯನ್ನು ಕಣ್ಣಿನಿಂದ ಕಾಣದೆ ಎರಡು ವರ್ಷ ಅದನ್ನು ಕೇಳಿದೆ. ಆಮೇಲೆ ಗುಜರಾತಿಗೆ ಬಂದೆ. ಊರಿಗೆ ಹೋಗುವ ಜೋಧಪುರ-ಬೆಂಗಳೂರು ರೈಲು ಭರೂಚ್ ಸೇತುವೆ ಹತ್ತಿದಾಗಲೆಲ್ಲ ಆ ಹಾಡು ಹಾಕುತ್ತಿದ್ದೆ.

ಒಮ್ಮೆ ಸೌರಾಷ್ಟ್ರದ ಸಹೋದ್ಯೋಗಿಯೊಬ್ಬನಿಗೆ ಕೇಳಿಸಿದೆ. ಅವನು ಮೊದಲ ಕ್ಷಣಕ್ಕೇ ಕಣ್ಣರಳಿಸಿದ. ರೇವಾ ಅವನಿಗೆ ಅಜ್ಜಿ ಕರೆಯುತ್ತಿದ್ದ ಹೆಸರು. ತಂಡದ ರಾಹುಲ್ ರಾಮ್ ನರ್ಮದಾ ಬಚಾವೋ ಆಂದೋಲನದಲ್ಲಿ ದುಡಿದವರು, ಈ ಹಾಡು ಅವರಿಗೆ ಸಿಕ್ಕಿದ್ದು ಆ ಕಣಿವೆಯಲ್ಲಿ ಎಂದು ಹೇಳಿದಾಗ ಅವನ ಮುಖ ಬದಲಾಯಿತು. ಅವನ ಬಾಲ್ಯದಲ್ಲಿ ಬೇಸಿಗೆ ಎಂದರೆ ಟ್ಯಾಂಕರಿನ ಮುಂದೆ ಕೊಡದ ಸಾಲು. ನರ್ಮದೆಯ ಕಾಲುವೆ ನೀರು ಬಂದ ಮೇಲೆ ಅವನ ಅಮ್ಮ ಆ ಸಾಲಿನಲ್ಲಿ ನಿಲ್ಲುವುದು ನಿಂತಿತು. ಅಣೆಕಟ್ಟನ್ನು ವಿರೋಧಿಸಿದವರು ಅವನ ಪಾಲಿಗೆ ನೀರು ತಡೆದವರು. ಕಣಿವೆಯಲ್ಲಿ ಮುಳುಗಿದ ಊರುಗಳ ಜನರ ಪಾಲಿಗೆ ಅದೇ ಹಾಡು ಬೇರೆ. 138.68 ಮೀಟರ್ ಎತ್ತರದ ಅಣೆಕಟ್ಟು 2017ರಲ್ಲಿ ಲೋಕಾರ್ಪಣೆಯಾದಾಗ ಎರಡೂ ಕಡೆಯವರು ನದಿಯನ್ನು ತಾಯಿ ಎಂದೇ ಕರೆದರು. ನಾನು ವಾದಿಸಲಿಲ್ಲ. ಅವನು ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಮ್ಮೆ ಹಾಕು" ಅಂದ. ಹಾಸ್ಟೆಲಿನ ಫೋಲ್ಡರಿನಲ್ಲಿ ಹಾಡು ಸಿಕ್ಕಿದವನಿಗೂ ನದಿಯೇ ಮನೆಗೆ ಬಂದವನಿಗೂ ಇರುವ ಅಂತರ ಅಂದು ತಿಳಿಯಿತು.

ಫೋಲ್ಡರ್ ಎಂದೆನಲ್ಲ, ನನ್ನ ವೃತ್ತಿಯ ಮಾತೊಂದು. ಕಡತಕ್ಕಿಂತ ಅದರ ಮೇಲಿನ ಚೀಟಿ ಬೇಗ ಕಳೆದುಹೋಗುತ್ತದೆ. ಆ ಕಾಲದ ಎಂಪಿ3ಗಳಲ್ಲಿ ಅರ್ಧಕ್ಕೆ 'ಟ್ರ್ಯಾಕ್ 05' ಎಂದೇ ಹೆಸರು, ಹಾಡಿದವರ ಜಾಗದಲ್ಲಿ 'ಅಜ್ಞಾತ'. ಈಗಿನ ಆ್ಯಪ್‌ಗಳು ಹಾಡಿದವರ ಹೆಸರನ್ನು ದೊಡ್ಡದಾಗಿ ತೋರಿಸುತ್ತವೆ, ಬರೆದವರ ಹೆಸರು ಬೇಕೆಂದರೆ ಮೂರು ಚುಕ್ಕಿ ಒತ್ತಿ ಹುಡುಕಬೇಕು. ತತ್ವಪದಕಾರರು ಇದನ್ನು ಮೊದಲೇ ಯೋಚಿಸಿದವರಂತೆ ಹೆಸರನ್ನು ಹಾಡಿನೊಳಗೇ ಹೊಲಿದಿಟ್ಟರು. 'ಶಿಶುನಾಳಧೀಶ' ಎಂಬ ಅಂಕಿತ ಬರುವುದು ಪದದ ಕೊನೆಯಲ್ಲಿ. ಗುಜರಾತಿಗಳಿಗೆ ಇದನ್ನು ವಿವರಿಸುವುದು ಸುಲಭ, ಅವರ ನರಸಿಂಹ ಮೆಹತಾ ಕೂಡ 'ನರಸೈಯೊ' ಎಂದು ಕೊನೆಗೆ ಬಂದು ನಿಲ್ಲುತ್ತಾರೆ. ಹೊದಿಕೆ ಹರಿದರೂ, ಚೀಟಿ ಬಿದ್ದರೂ, ಕೊನೆಯ ನುಡಿಯವರೆಗೆ ಹಾಡಿದರೆ ಸಾಕು, ಯಾರದೆಂದು ಗೊತ್ತಾಗುತ್ತದೆ. ಮೂವತ್ತು ಸೆಕೆಂಡಿನ ರೀಲ್‌ಗೆ ಕತ್ತರಿಸುವಾಗ ಹೋಗುವುದು ಆ ಕೊನೆಯ ನುಡಿಯೇ.

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಮಕ್ಕಳು ಗುಡುಗುಡಿ ಹಾಡುತ್ತಾರೆ. ಅವರಲ್ಲಿ ಹೆಚ್ಚಿನವರು ಅದನ್ನು ಗುಜರಾತಿ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಕಾರ್ಯಕ್ರಮ ಪಟ್ಟಿಯ ಕರಡಿನಲ್ಲಿ 'ರಘು ದೀಕ್ಷಿತ್ ಗೀತೆ' ಎಂದಿತ್ತು. ಒಬ್ಬರು ಅದನ್ನು ಅಳಿಸಿ 'ಅಶ್ವತ್ಥ್' ಎಂದು ಬರೆದರು. ನಾನು 'ಪದ: ಶಿಶುನಾಳ ಶರೀಫ, ಧಾಟಿ: ರಘು ದೀಕ್ಷಿತ್ ತಂಡ' ಎಂದು ತಿದ್ದಿ, ಮೂರೂ ನುಡಿ ಪೂರ್ತಿ ಹಾಡಿಸಬೇಕೆಂದು ಹಟ ಹಿಡಿದೆ. ಸಮಯ ಸಾಲದು ಎಂದರು. ಸ್ವಾಗತ ಭಾಷಣವನ್ನು ಎರಡು ನಿಮಿಷ ಕಡಿಮೆ ಮಾಡಿದರಾಯಿತು ಎಂದೆ. ಭಾಷಣ ಮಾಡಬೇಕಾದವರು ಇನ್ನೂ ಒಪ್ಪಿಲ್ಲ.