ಯಾರಿಗಾಗಿ ಬೆಳೆದ ಬಟಾಣಿ

ಬಿತ್ತನೆಗೆ ತಂದ ಬಟಾಣಿಯನ್ನು ಅಂಗೈಗೆ ಸುರಿದುಕೊಂಡು ನೋಡಿದರೆ ತಳಿಯ ಅರ್ಧ ಗುಣ ಅಲ್ಲೇ ತಿಳಿಯುತ್ತದೆ. ಕಾಳು ಗುಂಡಗೆ, ನುಣ್ಣಗೆ ಇದ್ದರೆ ಅದು ಗಟ್ಟಿ ಜಾತಿ. ತಣ್ಣನೆಯ ಒದ್ದೆ ಮಣ್ಣಿನಲ್ಲೂ ಮೊಳೆಯುತ್ತದೆ. ಆದರೆ ಕಾಯಿ ಬಿಡಿಸುವುದು ಎರಡು ದಿನ ತಡವಾದರೆ ಕಾಳು ಹಿಟ್ಟುಹಿಟ್ಟಾಗುತ್ತದೆ. ಕಾಳು ಸುಕ್ಕುಗಟ್ಟಿದ್ದರೆ ಸಿಹಿ ಹೆಚ್ಚು. ಅದರ ಜೊತೆಗೆ, ನೀರು ನಿಲ್ಲುವ ನೆಲದಲ್ಲಿ ಮೊಳಕೆ ಒಡೆಯುವ ಮೊದಲೇ ಕೊಳೆತುಹೋಗುವ ಭಯವೂ ಹೆಚ್ಚು. ಸಿಹಿ ಮತ್ತು ಗಟ್ಟಿತನದ ಈ ಎಳೆದಾಟ ಎರಡು ಶತಮಾನಕ್ಕೂ ಮೀರಿ ನಡೆದಿದೆ. ಒಮ್ಮೆ ಹಿತ್ತಲ ತೋಟಗಾರ, ಒಮ್ಮೆ ಡಬ್ಬಿ ತುಂಬುವ ಕಾರ್ಖಾನೆ, ಒಮ್ಮೆ ಕೊಯ್ಲಿನ ಯಂತ್ರ, ಈಗ ಏರುತ್ತಿರುವ ಬಿಸಿಲು ಇದನ್ನು ತಮ್ಮತ್ತ ಎಳೆದಿವೆ. ಆದ್ದರಿಂದ ತಳಿ ಆರಿಸುವಾಗ ಇಳುವರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇದನ್ನು ಯಾರ ಅಗತ್ಯಕ್ಕಾಗಿ ಅಭಿವೃದ್ಧಿಪಡಿಸಲಾಯಿತು?

ಬಟಾಣಿ ಬಹಳ ಹಳೆಯ ಬೆಳೆ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ, ಗೋಧಿ ಮತ್ತು ಬಾರ್ಲಿಯ ಜೊತೆಜೊತೆಗೆ, ಅದನ್ನು ಪಳಗಿಸಲಾಯಿತು. ಒಣಗಿದರೂ ಸಿಡಿಯದ ಕಾಯಿ, ಬಿತ್ತಿದ ಕೂಡಲೇ ಮೊಳೆಯುವ ಕಾಳು, ಇವೆರಡೇ ಆಗಿನ ರೈತರು ಆರಿಸಿಕೊಂಡ ದೊಡ್ಡ ಗುಣಗಳು. ಆಮೇಲೆ ಸಾವಿರಾರು ವರ್ಷ ಜನ ತಿಂದದ್ದು ಮುಖ್ಯವಾಗಿ ಒಣಕಾಳನ್ನೇ. ಎಳೆಯ ಹಸಿರು ಕಾಳಿನ ರುಚಿ ಯುರೋಪನ್ನು ಹುಚ್ಚು ಹಿಡಿಸಿದ್ದು ಹದಿನೇಳನೇ ಶತಮಾನದಲ್ಲಿ. 1660ರ ಜನವರಿಯಲ್ಲಿ ಇಟಲಿಯ ಜಿನೋವಾದಿಂದ ತಂದ ಹಸಿ ಬಟಾಣಿಯನ್ನು ಫ್ರಾನ್ಸಿನ ಹದಿನಾಲ್ಕನೇ ಲೂಯಿಗೆ ಅರ್ಪಿಸಲಾಯಿತು. ಬಟಾಣಿ ತಿನ್ನುವ ಆತುರ, ತಿಂದ ಸಂತೋಷ, ಮತ್ತೆ ತಿನ್ನುವ ಆಸೆ ಬಿಟ್ಟು ಆಸ್ಥಾನದಲ್ಲಿ ಬೇರೆ ಮಾತೇ ಇಲ್ಲ ಎಂಬ ಅರ್ಥದಲ್ಲಿ ಲೂಯಿಯ ಪತ್ನಿ ಮದಾಂ ದ ಮಾಂತನೋನ್ 1696ರಲ್ಲಿ ಪತ್ರ ಬರೆದಿದ್ದಾಳೆ.

ರುಚಿ ಹುಟ್ಟಿತು, ಇನ್ನು ಬೇಕಾದದ್ದು ಅದಕ್ಕೆ ತಕ್ಕ ತಳಿ. ಆ ಕೆಲಸಕ್ಕೆ ಕ್ರಮಬದ್ಧವಾಗಿ ಕೈಹಾಕಿದವನು ಇಂಗ್ಲೆಂಡಿನ ಹೆರಿಫರ್ಡ್‌ಷೈರ್‌ನ ಥಾಮಸ್ ಆಂಡ್ರ್ಯೂ ನೈಟ್. ಅವನ ನಿಜವಾದ ಆಸಕ್ತಿ ಸೇಬು ಮತ್ತು ಪೇರ್ ಮರಗಳಲ್ಲಿತ್ತು. ಆದರೆ ಸೇಬಿನ ಬೀಜ ನೆಟ್ಟರೆ ಹಣ್ಣು ಕಾಣಲು ವರ್ಷಗಳೇ ಬೇಕು. ಬಟಾಣಿ ಒಂದೇ ಹಂಗಾಮಿನಲ್ಲಿ ಉತ್ತರ ಹೇಳುತ್ತದೆ. 1787ರ ಸುಮಾರಿಗೆ ಅವನು ಒಂದು ಜಾತಿಯ ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿ ಸಂಕರ ಮಾಡತೊಡಗಿದ. 1799ರಲ್ಲಿ ಅದರ ಫಲಿತಾಂಶ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ, ಸಿಹಿಯಾದ ಸುಕ್ಕುಗಾಳಿನ ಬಟಾಣಿಗಳು ಇಂಗ್ಲೆಂಡಿನ ತೋಟಗಳಿಗೆ ಹಬ್ಬಿದ್ದು ಅವನಿಂದಲೇ. ಒಂದು ತಳಿಗೆ ಅವನ ಹೆಸರೇ ಉಳಿದಿದೆ.

ಮೆಂಡಲ್ ಕಥೆ ಶಾಲೆಯ ಪಠ್ಯದಿಂದ ಎಲ್ಲರಿಗೂ ಗೊತ್ತು. ಆ ಪಠ್ಯ ಹೇಳದೆ ಬಿಟ್ಟ ಒಂದು ಸಂಗತಿ ಇಲ್ಲಿ ಮುಖ್ಯ. ಬ್ರನೋ ನಗರದ ಮಠದಲ್ಲಿ ಅವನು ಮೊದಲು ಮಾಡಿದ್ದು ತಳಿ ಆಯ್ಕೆಯ ಕೆಲಸ. ಬೀಜದ ವ್ಯಾಪಾರಿಗಳಿಂದ 34 ಜಾತಿ ತರಿಸಿ, ಎರಡು ವರ್ಷ ಬೆಳೆದು ನೋಡಿ, ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗದ 22ನ್ನು ಉಳಿಸಿಕೊಂಡ. ಸಂಕರದ ಎರಡನೇ ಪೀಳಿಗೆಯಲ್ಲಿ ಗುಂಡುಗಾಳು 5,474, ಸುಕ್ಕುಗಾಳು 1,850 ಎಂದು ಎಣಿಸಿದ. 1866ರಲ್ಲಿ ಅಚ್ಚಾದ ಆ ಪ್ರಬಂಧದ ಹಿಂದೆ ಹೆಸರಿಲ್ಲದ ನೂರಾರು ತೋಟಗಾರರ ಶ್ರಮ ಇದೆ. ತಳಿಗಳನ್ನು ಬೆರೆಸದೆ ಶುದ್ಧವಾಗಿ ಕಾಪಾಡಿಕೊಂಡು ಬಂದವರು ಅವರು. ಬಟಾಣಿ ಗಿಡವೂ ಅದಕ್ಕೆ ಒದಗಿಬಂತು. ಹೂವು ಅರಳುವ ಮೊದಲೇ, ಮುಚ್ಚಿದ ಮೊಗ್ಗಿನೊಳಗೇ ಪರಾಗಸ್ಪರ್ಶ ಮುಗಿದಿರುತ್ತದೆ. ಜೇನ್ನೊಣ ಬಂದರೂ ಕಲಬೆರಕೆ ಮಾಡುವುದು ಬಹಳ ಅಪರೂಪ.

ಕಾಳು ಸುಕ್ಕಾಗುವುದೇಕೆ ಎಂಬ ಪ್ರಶ್ನೆಗೆ ಮೆಂಡಲ್‌ನಿಗೂ ಉತ್ತರ ಇರಲಿಲ್ಲ. ಅದು ಸಿಕ್ಕಿದ್ದು 1990ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ. ಪಿಷ್ಟದ ಅಣುಗಳಿಗೆ ಕವಲು ಜೋಡಿಸುವ ಕಿಣ್ವವೊಂದರ ವಂಶವಾಹಿಯೊಳಗೆ ಎಲ್ಲಿಂದಲೋ ಬಂದ ಡಿಎನ್‌ಎ ತುಣುಕು ಸೇರಿಕೊಂಡು ಅದನ್ನು ಕೆಡಿಸಿತ್ತು. ಕಿಣ್ವ ಕೆಟ್ಟರೆ ಪಿಷ್ಟ ಕಡಿಮೆಯಾಗುತ್ತದೆ, ಸಕ್ಕರೆ ಹಾಗೇ ಉಳಿಯುತ್ತದೆ. ಸಕ್ಕರೆ ಹೆಚ್ಚಿದ ಕಾಳು ಬೆಳೆಯುವಾಗ ನೀರು ಹೀರಿ ಉಬ್ಬುತ್ತದೆ; ಒಣಗಿದಾಗ ಆ ನೀರು ಹೋಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ನಾಲಿಗೆಗೆ ಸಿಹಿ, ಕಣ್ಣಿಗೆ ಸುಕ್ಕು, ಒದ್ದೆ ನೆಲದಲ್ಲಿ ಕೊಳೆತ, ಮೂರಕ್ಕೂ ಬೇರು ಒಂದೇ. ಗಿಡ್ಡ ಗಿಡದ ಕಥೆಯೂ ಹೀಗೆಯೇ. ಎತ್ತರಕ್ಕೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಿಸುವ ವಂಶವಾಹಿ ದುರ್ಬಲವಾಗಿದ್ದರಿಂದ ಗಿಡ ಕುಳ್ಳಗಾಯಿತು ಎಂಬುದು 1997ರಲ್ಲಿ ಗೊತ್ತಾಯಿತು. ಮನುಷ್ಯ ಬಟಾಣಿಯಲ್ಲಿ ಮೆಚ್ಚಿ ಉಳಿಸಿಕೊಂಡ ಎಷ್ಟೋ ಗುಣಗಳು ಗಿಡದ ದೃಷ್ಟಿಯಿಂದ ಊನಗಳೇ. ಮೆಂಡಲ್ ನೋಡಿದ ಏಳು ಲಕ್ಷಣಗಳ ಪೈಕಿ ಕೊನೆಗೆ ಉಳಿದಿದ್ದ ಮೂರರ ವಂಶವಾಹಿಗಳನ್ನು 2025ರಲ್ಲಷ್ಟೇ ಗುರುತಿಸಲಾಯಿತು.

ಇಪ್ಪತ್ತನೇ ಶತಮಾನದಲ್ಲಿ ಕಾರ್ಖಾನೆ ಬಂತು. ಕ್ಲಾರೆನ್ಸ್ ಬರ್ಡ್ಸ್‌ಐ ಕಂಡುಹಿಡಿದ ಶೀಘ್ರ ಹೆಪ್ಪುಗಟ್ಟಿಸುವ ವಿಧಾನದ ಆಹಾರಗಳು 1930ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾರಾಟಕ್ಕೆ ಬಂದಾಗ ಅವುಗಳಲ್ಲಿ ಬಟಾಣಿಯೂ ಇತ್ತು. ಹೊಲವಿಡೀ ಒಮ್ಮೆಗೇ ಯಂತ್ರದಿಂದ ಕೊಯ್ಯಬೇಕೆಂದರೆ ಗಿಡ ಗಿಡ್ಡಗಿರಬೇಕು, ಕಾಯಿಗಳೆಲ್ಲ ಒಂದೇ ಸಲ ಬಲಿಯಬೇಕು. ತಳಿ ಅಭಿವೃದ್ಧಿ ಆ ಕಡೆ ತಿರುಗಿತು. ಇಂಗ್ಲೆಂಡಿನ ಲ್ಯಾಕ್ಸ್‌ಟನ್ ಮನೆತನ ಹತ್ತೊಂಬತ್ತನೇ ಶತಮಾನದ ಕೊನೆಗೆ ಕೊಟ್ಟ 'ಆಲ್ಡರ್‌ಮನ್' ಆರಡಿಯವರೆಗೆ ಹಬ್ಬಿ ವಾರಗಟ್ಟಲೆ ಕಾಯಿ ಬಿಡುವ ತಳಿ. ಅಂಥವು ಮೂಲೆ ಸೇರಿದವು. ಎಲೆಗಳೆಲ್ಲ ಬಳ್ಳಿತಂತುಗಳಾಗಿ ಮಾರ್ಪಟ್ಟ ರೂಪಾಂತರ 1950ರ ದಶಕದಲ್ಲಿ ಕಂಡುಬಂದಿತ್ತು. ಅಂಥ ಗಿಡಗಳು ಒಂದನ್ನೊಂದು ಹಿಡಿದುಕೊಂಡು ಆಧಾರವಿಲ್ಲದೆ ನೆಟ್ಟಗೆ ನಿಲ್ಲುತ್ತವೆ. ಯಂತ್ರಕ್ಕೂ ಸುಲಭ, ಗಾಳಿಯಾಡುವುದರಿಂದ ರೋಗವೂ ಕಡಿಮೆ. ಇವತ್ತು ಒಣಕಾಳಿನ ಬಟಾಣಿಯಲ್ಲಿ ಇದೇ ರೂಪ ಜಗತ್ತಿನ ಹಲವೆಡೆ ಮೇಲುಗೈ ಸಾಧಿಸಿದೆ.

ಹಿತ್ತಲಿನ ಪರವಾಗಿ ಬಂದ ದೊಡ್ಡ ಕೊಡುಗೆ ಒಂದೇ. ಅಮೆರಿಕದ ಐಡಹೋದಲ್ಲಿ ಕ್ಯಾಲ್ವಿನ್ ಲ್ಯಾಂಬೋರ್ನ್, ದಪ್ಪ ಸಿಪ್ಪೆಯ ವಿಚಿತ್ರ ಗಿಡವೊಂದನ್ನು ಚಪ್ಪಟೆ ಕಾಯಿಯ ಸ್ನೋ ಬಟಾಣಿಯ ಜೊತೆ ಸಂಕರಿಸಿ, ಸಿಪ್ಪೆ ಸಮೇತ ಕಚ್ಚಿ ತಿನ್ನಬಹುದಾದ 'ಶುಗರ್ ಸ್ನ್ಯಾಪ್' ತಳಿಯನ್ನು 1979ರಲ್ಲಿ ಹೊರತಂದ.

ಭಾರತದಲ್ಲಿ ಒಣಬಟಾಣಿ ಪುರಾತನ. ಹರಪ್ಪದ ಉತ್ಖನನದಲ್ಲೂ ಅದರ ಕಾಳು ಸಿಕ್ಕಿದೆ. ತರಕಾರಿಯ ಸುಕ್ಕುಗಾಳು ಮಾತ್ರ ಬಹುಪಾಲು ಹೊರಗಿನಿಂದ ಬಂದದ್ದು. ಯುರೋಪಿನಿಂದ 'ಅರ್ಕೆಲ್', ಅಮೆರಿಕದಿಂದ 'ಬಾನ್‌ವಿಲ್'. ಅರ್ಕೆಲ್ ಅಲ್ಪಾವಧಿಯದು, ಎರಡು ತಿಂಗಳೊಳಗೆ ಮೊದಲ ಕೊಯ್ಲು ಕೊಡುತ್ತದೆ. ಬಾನ್‌ವಿಲ್ ಮಧ್ಯಮಾವಧಿಯದು, ಅದಕ್ಕೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕು. ಆಮೇಲೆ ಕಾನ್ಪುರದ 'ಆಜಾದ್', ಲೂಧಿಯಾನದ 'ಪಂಜಾಬ್-89', ವಾರಾಣಸಿಯ 'ಕಾಶಿ' ಸರಣಿಯ ತಳಿಗಳು ಸೇರಿಕೊಂಡವು. ಬಯಲಿನಲ್ಲಿ ಬಟಾಣಿ ಸಿಗದ ಬೇಸಿಗೆಯಲ್ಲಿ ಹಿಮಾಚಲದ ಲಾಹೌಲ್ ಕಣಿವೆಯ ರೈತರು ಅದನ್ನು ಬೆಳೆದು ಒಳ್ಳೆಯ ಬೆಲೆ ಪಡೆಯುತ್ತಾರೆ.

ಕರ್ನಾಟಕದ ತೊಂದರೆಗಳು ಉತ್ತರದವಕ್ಕಿಂತ ಬೇರೆ. ಇಲ್ಲಿ ಚಳಿಗಾಲ ಚಿಕ್ಕದು. ಹಗಲು ಒಣಬಿಸಿಲು, ರಾತ್ರಿ ಇಬ್ಬನಿ. ಬೂದಿರೋಗಕ್ಕೆ ಇದಕ್ಕಿಂತ ಒಳ್ಳೆಯ ಹವೆ ಬೇಕಿಲ್ಲ. ಬಾನ್‌ವಿಲ್ ರುಚಿಗೆ ಹೆಸರಾದರೂ ಈ ರೋಗಕ್ಕೆ ಸುಲಭದ ತುತ್ತು. ಬೂದಿರೋಗ ತಡೆಯುವ ಗುಣವನ್ನು 1948ರಲ್ಲಿ ಹಾರ್ಲಂಡ್ ಎಂಬ ವಿಜ್ಞಾನಿ ಪೆರು ದೇಶದ ಬಟಾಣಿಯಲ್ಲಿ ಗುರುತಿಸಿದ್ದ. ಅದೂ ಒಂದು ಕೆಟ್ಟುಹೋದ ವಂಶವಾಹಿಯ ಫಲ ಎಂದು 2011ರಲ್ಲಿ ಖಚಿತವಾಯಿತು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಾನ್‌ವಿಲ್‌ನ ರಕ್ತವನ್ನೇ ಬಳಸಿ, ನಿರೋಧಕ ಗುಣ ಸೇರಿಸಿ, 'ಅರ್ಕಾ ಅಜಿತ್' ತಳಿಯನ್ನು ಅಭಿವೃದ್ಧಿಪಡಿಸಿತು. ಸುಮಾರು 90 ದಿನದ ಈ ತಳಿ ಬೂದಿರೋಗವನ್ನೂ ತುಕ್ಕುರೋಗವನ್ನೂ ತಡೆಯುತ್ತದೆ. ಸಿಪ್ಪೆ ಸಮೇತ ತಿನ್ನುವ 'ಅರ್ಕಾ ಸಂಪೂರ್ಣ' ಕೂಡ ಅಲ್ಲಿಯದೇ. ಔಷಧಿ ಸಿಂಪಡಿಸಲು ಮನಸ್ಸಿಲ್ಲದ ಹಿತ್ತಲಿಗೆ ಇಂಥ ತಳಿಗಳನ್ನು ಬಿಟ್ಟು ಅರ್ಕೆಲ್ ಅಥವಾ ಬಾನ್‌ವಿಲ್ ಹಿಡಿಯಲು ಕಾರಣ ಕಡಿಮೆ.

ಹಾಗೆಂದು ಅರ್ಕೆಲ್ ತೀರಾ ಬೇಡವೆಂದಲ್ಲ. ಅಕ್ಟೋಬರ್ ಮಧ್ಯದಲ್ಲಿ ಬಿತ್ತಿದರೆ ಬೂದಿರೋಗ ಜೋರಾಗುವ ಮೊದಲೇ ಅದರ ಕೊಯ್ಲು ಮುಗಿಯಬಹುದು. ತಡವಾಗಿ, ನವೆಂಬರ್‌ನಲ್ಲಿ ಬಿತ್ತುವವರಿಗೆ ನಿರೋಧಕ ತಳಿಯೇ ಸರಿ. ಮಳೆಗಾಲದಲ್ಲಿ ಹಾಸನ, ಚಿಕ್ಕಮಗಳೂರಿನ ಕಡೆ ಬಿತ್ತುವವರು ತಳಿಗಿಂತ ಮೊದಲು ನೀರು ಬಸಿಯುವ ದಾರಿ ನೋಡಿಕೊಳ್ಳಬೇಕು. ಸುಕ್ಕುಗಾಳಿಗಂತೂ ಏರುಮಡಿ ಬೇಕೇಬೇಕು. ಸಾಲಿನಿಂದ ಸಾಲಿಗೆ ಒಂದಡಿ, ಗಿಡದಿಂದ ಗಿಡಕ್ಕೆ ಎರಡು ಮೂರು ಅಂಗುಲ ಸಾಕು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಇರುವುದರಿಂದ ಯೂರಿಯಾ ಸುರಿಯುವುದು ದಂಡ. ಎಲೆ ಹುಲುಸಾಗುತ್ತದೆ, ಕಾಯಿ ಹಿಂದುಳಿಯುತ್ತದೆ. ಎತ್ತರದ ತಳಿಗೆ ಒಣಕೊಂಬೆ ಚುಚ್ಚಿಕೊಟ್ಟರೆ ಅದೇ ಹಬ್ಬಿಕೊಳ್ಳುತ್ತದೆ. ಬಿಡಿಸಿದ ಕಾಯಿ ಅಂದೇ ಒಲೆ ಸೇರಬೇಕು. ಕಿತ್ತ ಗಳಿಗೆಯಿಂದಲೇ ಕಾಳಿನ ಸಕ್ಕರೆ ಕರಗುತ್ತಾ ಹೋಗುತ್ತದೆ.

ಈಗ ಮುಂದಿರುವ ದೊಡ್ಡ ಪ್ರಶ್ನೆ ಬಿಸಿಲಿನದು. ಹೂ ಬಿಡುವ ಹೊತ್ತಿಗೆ ಉಷ್ಣತೆ 30 ಡಿಗ್ರಿ ದಾಟಿದರೆ ಮೊಗ್ಗು ಉದುರುತ್ತದೆ, ಕಾಯೊಳಗೆ ಕಾಳು ಕಟ್ಟುವುದಿಲ್ಲ. 35 ಡಿಗ್ರಿಯವರೆಗೆ ತಾಳಿಕೊಳ್ಳುವ 'ಅರ್ಕಾ ಚೈತ್ರ', 'ಅರ್ಕಾ ತಪಸ್', 'ಅರ್ಕಾ ಉತ್ತಮ್' ತಳಿಗಳನ್ನು ಹೆಸರಘಟ್ಟ ಹೊರತಂದಿರುವುದು ಇದಕ್ಕಾಗಿಯೇ. ನೈಟ್ ಮತ್ತು ಲ್ಯಾಕ್ಸ್‌ಟನ್ ಕೆಲಸ ಮಾಡಿದ್ದು ಚಳಿ ದೇಶದ ತೋಟಕ್ಕಾಗಿ. ದಖ್ಖನ್ನಿನ ಬೇಸಿಗೆಯನ್ನು ಎದುರಿಗಿಟ್ಟುಕೊಂಡು ಬಟಾಣಿ ರೂಪಿಸುವ ಕೆಲಸ ತೀರಾ ಹೊಸದು. ಈ ಅರ್ಕಾ ತಳಿಗಳು ಸಂಕರ ಬೀಜಗಳಲ್ಲ, ಶುದ್ಧ ತಳಿಗಳು. ಆರೋಗ್ಯವಾಗಿರುವ ಹತ್ತಿಪ್ಪತ್ತು ಗಿಡಗಳನ್ನು ಕೊಯ್ಯದೆ ಬಿಟ್ಟು, ಕಾಯಿ ಒಣಗಿದ ಮೇಲೆ ಬಿಡಿಸಿ, ಹುಳು ಬೀಳದಂತೆ ಚೆನ್ನಾಗಿ ಒಣಗಿಸಿ ಮುಚ್ಚಿಟ್ಟರೆ ಮುಂದಿನ ಹಂಗಾಮಿಗೆ ಅಂಗಡಿಗೆ ಹೋಗಬೇಕಾಗಿಲ್ಲ.